ಹನ್ನೊಂದು ಮಿನಿಟು

ಸಾಂಬ್ರಾದ ರನ್‌ವೇ ಮ್ಯಾಲ ಇನ್ನೂ ಇಬ್ಬನಿ ಆರಿರಲಿಲ್ಲ.
ಇಪ್ಪತ್ತೆರಡು ಮಂದಿ, ಭುಜಕ್ಕ ಭುಜ ಹಚ್ಚಿ,
ಕಸಾ ತಗಿಯೋ ಆಳಿನಂಗ ಬಗ್ಗಿ ಹೊಂಟಿದ್ವಿ.
ಇಲ್ಲಿ ಬೆಳಿ ಇಲ್ಲ. ಡಾಂಬರು, ಅದರ ಮ್ಯಾಲ ಬಿಳೀ ಗೆರಿ.

"ಹುಣಸೀಬೀಜದಷ್ಟು ಕಲ್ಲಿದ್ರೂ ಬಿಡಬ್ಯಾಡ್ರಿ," ಅಂದ ಕುಡಚಿ ಸಾಹೇಬ,
"ಇಂಜಿನ್ನು ಉಸುರು ಎಳಕೋತೈತಿ, ಕಲ್ಲೂ ಒಳಗ ಹೊಕ್ಕತೈತಿ.
ನಾಳೆ ಬರೂದು ಸಾದಾ ವಿಮಾನ ಅಲ್ಲ."
ಹಂಗಂದ್ರ ಸಾದಾ ವಿಮಾನಕ್ಕ ಕಲ್ಲು ನಡೀತಾವೇನ್ರಿ
ಅಂತ ಕೇಳಬೇಕಂದೆ.
ಕೇಳಲಿಲ್ಲ. ನಮ್ಮದು ದಿನದ ಪಗಾರ.

ಒಂದು ಮೊಳಿ ಸಿಕ್ತು. ಬ್ಯಾಗಿನ ಚೈನಿನ ತುಂಡು.
ನಾಕು ತೂತಿನ ಅಂಗಿ ಗುಂಡಿ,
ಎಂದೋ ಹಾರಿ ಹೋದವರ ಎದಿಮ್ಯಾಲಿಂದು, ಇಲ್ಲೇ ಉಳಕೊಂಡಿತ್ತು.
ಡಾಂಬರ ಮುಗದು ಕಡಿ ಸುರುವಾಗೋ ಅಂಚಿನ್ಯಾಗ
ನಾಕು ಕಲ್ಲು, ಮೈತುಂಬ ಚುಕ್ಕಿ,
ಚೂಪು ತುದಿ ಒಳಗ ಮಾಡಿ ಮಾತಾಡಾಕ ಕೂತಂಗ ಕೂತಿದ್ವು.
ಹೆಕ್ಕಿದೆ.
ಬೆಚ್ಚಗಿದ್ವು.

ತಲಿಮ್ಯಾಲ ಟಿಟವಿ ಹಕ್ಕಿ ಒದರಾಕ ಹತ್ತಿತು.
ತಿರುಗಿ ಇಡಬೇಕಂತ ಬಗ್ಗಿದೆ, ಹಿಂದಿಂದ ಸೀಟಿ:
"ಲಗಮವ್ವಾ, ಸಾಲು ಮುರೀಬ್ಯಾಡ!"
ಬಕೀಟಿನ್ಯಾಗ ಹಾಕಿದ್ರ ಒಡೀತಾವ.
ಉಡ್ಯಾಗ ಹಾಕ್ಕೊಂಡೆ.

ಎಂಟಕ್ಕ ರಿಹರ್ಸಲ್. ವಿಮಾನಕ್ಕೂ ರಿಹರ್ಸಲ್ ಇರತೈತಿ, ಗೊತ್ತಿರಲಿಲ್ಲ.
ದಿಲ್ಲಿಯಿಂದ ಖಾಲಿ ಬಂತು, ಇಳೀತು, ತಿರುಗಿ
ಸುಣ್ಣದ ಚುಕ್ಕಿಗೆ ಬರೋಬ್ಬರಿ ಮೂಗು ಹಚ್ಚಿ ನಿಂತಿತು.
ಬಾಗಲದ ಬಾಜೂಕ ನಾಕು ಸಿಂಹ. ಮೂರೇ ಕಾಣತಿದ್ವು.
ನಿಚ್ಚಣಿಕಿ ಹಚ್ಚಿದ್ರು. ಕೆಂಪು ಜಮಖಾನಿ ಹಾಸಿದ್ರು.
ರಾಷ್ಟ್ರಪತಿ ಆಗಿ ನಿಲ್ಲಬೇಕಾದ ಮನಷ್ಯಾ,
ಹೆಡ್ ಕ್ಲಾರ್ಕ್ ಪಾಶ್ಚಾಪೂರ, ಹೊಟ್ಟಿ ಕೆಟ್ಟು ಮನ್ಯಾಗಿದ್ದ.
ಸಾಹೇಬರು ಸುತ್ತ ನೋಡಿದ್ರು.
"ಆ ಎತ್ತರದಾಕಿ, ಬಾ ಇಲ್ಲಿ. ಬಕೀಟ ಕೆಳಗಿಡು."

ಹತ್ತಿ ಬಾಗಲದಾಗ ನಿಂತೆ.
ಅಲ್ಲಿಂದ ಬಾಳೇಕುಂದ್ರಿ ಕಡೆ ನಮ್ಮ ಓಣೀ ನೀರಿನ ಟಾಕಿ ಕಂಡಿತು,
ಯಾರೋ ಅದರ ಮ್ಯಾಲ ಅರಿವಿ ಒಣಾ ಹಾಕಿದ್ರು.
ಬೆನ್ನಿಗೆ ಒಳಗಿನ ತಣ್ಣನ ಗಾಳಿ, ಹೊಸಾ ಚರ್ಮದ ವಾಸನಿ.
ತಿರುಗಿ ನೋಡಬ್ಯಾಡ ಅಂದಿದ್ರು.
ಒಂದು ಕೈ ಕಂಬಿಗೆ, ಒಂದು ಕೈ ಉಡಿಗೆ,
ದಿನಾ ತುಂಬಿದಾಕಿ ಇಳದಂಗ ಒಂದೊಂದು ಮೆಟ್ಟಲಾ ಇಳದೆ.
"ಇಷ್ಟು ಸಾವಕಾಶ ಇಳಿಯೂದಿಲ್ಲವಾ ಅವರು," ಅಂದ ಯಾರೋ.
"ಇರಲಿ ಬಿಡ್ರಿ, ಟೈಮ್ ಜಾಸ್ತಿ ಹಿಡಕೊಂಡ್ರ ಚೊಲೋ," ಅಂದ ಇನ್ನೊಬ್ಬ.

ಮೂರು ಮಂದಿ ಸೆಲ್ಯೂಟ್ ಹೊಡದ್ರು.
ಬೂಟಿನ ಸಪ್ಪಳಕ್ಕ ನಡಗಿದ್ದು ತತ್ತಿಯೋ, ನಾನೋ.
ಇಲ್ಲದ ಹಾರ ಕೊಟ್ಟಂಗ ಮಾಡಿದ್ರು, ಇಸಗೊಂಡಂಗ ಮಾಡಿದೆ.
ಕಾರಿನ ಬಾಗಲಾ ತಗದ್ರು, ಮುಚ್ಚಿದ್ರು. ನಾ ಹೊರಗೇ.
ಗಡಿಯಾರ ನೋಡಿ ಬರಕೊಂಡ್ರು: ಹನ್ನೊಂದು ಮಿನಿಟು.
ಸಹಿ ಯಾರೂ ಕೇಳಲಿಲ್ಲ.

ಉಣ್ಣೋ ಹೊತ್ತಿನ್ಯಾಗ ಹೋಗಿ ಇಟ್ಟೆ.
ಅದೇ ಜಾಗ ಏನೋ. ಕಡಿ ಎಲ್ಲಾ ಒಂದ ನಮೂನಿ.
ಚೂಪು ತುದಿ ಒಳಗ, ನೆನಪಿದ್ದದ್ದು ಅಷ್ಟು.
ದೂರ ನಿಂತು ನೋಡತಿತ್ತು, ಹಳದೀ ಕಾಲಿಂದು.
ನಮ್ಮವ್ವ ಹೇಳತಿದ್ಲು: ಮುಗಿಲು ಜಾರಿ ಬಿದ್ದೀತಂತ
ಟಿಟವಿ ಕಾಲು ಮ್ಯಾಲ ಮಾಡಿ ಮಲಗತೈತಿ.
ಬಂದೋಬಸ್ತಿನ ಲಿಸ್ಟಿನ್ಯಾಗ ಇದರ ಹೆಸರಿಲ್ಲ.

ಮರುದಿನ ನನ್ನ ಪಾಸು ನಡಿಯಲಿಲ್ಲ. ಹಸಿರಿಂದು, ನಿನ್ನೀದು.
ಬಾಗಲಕೋಟಿ ರೋಡಿನ ಬೇಲಿಗೆ ಮಂದೀ ಕೂಡ ನಿಂತೆ.
ಮೊದಲೊಂದು ಬಂತು. ಎಲ್ಲಾರೂ ಕೈ ಬೀಸಿದ್ರು.
"ಅದರಾಗ ಯಾರೂ ಇಲ್ಲ," ಅಂದ ಪೊಲೀಸಪ್ಪ,
"ಒಂದು ಕೆಟ್ರ ಇನ್ನೊಂದು ಇರಲಿ ಅಂತ."
ಎರಡನೇದು ಬರೂದರಾಗ ಕೈ ದಣದಿದ್ವು.
ಗಾಲಿ ನೆಲಾ ಮುಟ್ಟಿದಲ್ಲಿ ನೀಲಿ ಹೊಗಿ.
ಬಾಗಲದಾಗ ಯಾರೋ ನಿಂತ್ರು, ಉಗುರಿನಷ್ಟು.
ಒಂದು ಕೈ ಕಂಬಿಗಿತ್ತು. ಇನ್ನೊಂದು ಕಾಣಲಿಲ್ಲ.

ಎಣಿಸಿದೆ. ಎಂಟೇ ಮಿನಿಟಿಗೆ ಕಾರು ಹೊಂಟಿತು.
ಮಂದಿ ಚದುರಿದ್ರು.
ಇಂಜಿನ್ನು ಆರೂತನಕ ತಂತಿ ಹಿಡಕೊಂಡು ನಿಂತೆ,
ಆರಿದ ಮ್ಯಾಲೂ ನಿಂತೆ,
ಒಂದು ಒದರು ಕೇಳೀತೇನೋ ಅಂತ.